ಎಡೆದೊರೆ ನಾಡಿನ ಎರಡು ದಂಡೆಗಳು

ಕಳೆದ ಶ್ರಾವಣದಲ್ಲಿ ನಮ್ಮ ಮನೆಯ ಮಕ್ಕಳಿಬ್ಬರೂ ಸಮುದ್ರವನ್ನು ನೋಡಲೇಬೇಕೆಂದು ಹಟ ಹಿಡಿದರು. ನೆರೆಮನೆಯವರು ಗೋಕರ್ಣ, ಕಾರವಾರಗಳಿಗೆ ಹೋಗಿ ಬಂದು, ಒಂದು ಡಬ್ಬಿಯ ತುಂಬ ಚಿಪ್ಪು ಕವಡೆಗಳನ್ನು ತಂದುದೇ ಇದಕ್ಕೆಲ್ಲ ಮೂಲವು. ಸಿಂಧನೂರಿನಂಥ ಬಯಲುಸೀಮೆಯಲ್ಲಿ ಹುಟ್ಟಿದ ಕೂಸುಗಳಿಗೆ, ಆಚೆಯ ದಡವೇ ಕಾಣದ ನೀರು ಎಂದರೆ ಎಷ್ಟು ಹೇಳಿದರೂ ಮನಸ್ಸಿಗೆ ಮೂಡಲೊಲ್ಲದು. ಕಾರವಾರವೆಂದರೆ ನಮಗೆ ಒಂದು ಪೂರ್ತಿ ದಿನದ ಹಾದಿ. ಮೇಲಾಗಿ ಮಳೆಗಾಲದ ಕಡಲು ಮುನಿದ ಕಡಲು; ಆ ದಿನಗಳಲ್ಲಿ ಕರಾವಳಿಯವರೇ ನೀರಿಗಿಳಿಯಬೇಡಿರೆಂದು ಬಂದವರನ್ನು ತಡೆಯುತ್ತಾರೆ. ನಮ್ಮ ತಾಯಿಯವರಿಗೆ ಎಪ್ಪತ್ತನಾಲ್ಕು ವರ್ಷ. ಅವರನ್ನು ಅಷ್ಟು ದೂರ ಒಯ್ಯುವ ಧೈರ್ಯ ನಮಗಿರಲಿಲ್ಲ, ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ.

ಈ ಚರ್ಚೆ ನಡೆದಿದ್ದಾಗ ತಾಯಿಯವರೇ ಒಂದು ಮಾತು ಆಡಿದರು. “ಎರಡೂ ಕಡೆ ಹೊಳಿ ಇಟಗೊಂಡು ಸಮುದ್ರಕ್ಕ ಯಾಕ ಹೋಗತೀರಿ? ಮೊದಲ ಇವನ್ನ ತೋರಸ್ರಿ ಹುಡುಗರಿಗೆ.” ಮಾತು ಸರಿಯಾದದ್ದೇ. ನಕಾಶೆಯನ್ನು ಬಿಡಿಸಿ ನೋಡಿದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಊರುಗಳು ಕೃಷ್ಣೆಗೂ ತುಂಗಭದ್ರೆಗೂ ನಡುವೆ ಒಂದೇ ಹೆದ್ದಾರಿಯ ಮೇಲೆ ಪೋಣಿಸಿದಂತೆ ಕೂತಿವೆ. ಈ ಸೀಮೆಯನ್ನು ಹಿಂದಿನ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂದು ಅರ್ಥ. ಇದೇ ಹೆಸರನ್ನು ಚೋಳರ ಶಾಸನಗಳು ತಮಿಳಿನಲ್ಲಿ ಇಡೈತುರೈನಾಡು ಎನ್ನುತ್ತವೆ. ಮುಸಲ್ಮಾನ ಅರಸರ ಕಾಲದಿಂದ ಬಂದ ‘ದೋಆಬ’ ಎಂಬ ಮಾತಿನ ಅರ್ಥವೂ ಎರಡು ನೀರು ಎಂದೇ. ಹೀಗೆ ಯಾವ ಭಾಷೆಯವರು ಬಂದರೂ ಈ ನಾಡಿಗೆ ನೀರಿನ ಹೆಸರನ್ನೇ ಇಟ್ಟರು; ಆದರೆ ನಾಡು ಮಾತ್ರ ಶತಮಾನಗಳ ವರೆಗೆ ನೀರಡಿಸಿಯೇ ಇದ್ದಿತು. ಇರಲಿ. ಮೂರು ದಿನಗಳಿಗೆ ಒಂದು ಜೀಪನ್ನು ಬಾಡಿಗೆಗೆ ಗೊತ್ತುಮಾಡಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳ ಬುತ್ತಿ ಕಟ್ಟಿಕೊಂಡು ಸಿದ್ಧರಾದೆವು.

ಹೊರಡುವ ಮುನ್ನಾದಿನದ ಸಂಜೆ ತುಂಗಭದ್ರೆಯನ್ನು ನೋಡಿ ಬಂದೆವು. ಸಿಂಧನೂರಿನಿಂದ ಸಿರುಗುಪ್ಪದ ಕಡೆಗೆ ಹೋಗುವ ದಾರಿಯಲ್ಲಿ ಧಡೇಸುಗೂರಿನ ಹತ್ತಿರ ಹೊಳೆಗೆ ಸೇತುವೆಯಿದೆ. ದಾರಿಯ ಎರಡೂ ಬದಿಗೆ ಬತ್ತದ ಗದ್ದೆಗಳು. ಸೂರ್ಯನು ಇಳಿಯುವ ಹೊತ್ತಿಗೆ ಮಡಿಗಳಲ್ಲಿ ನಿಂತ ನೀರು ಕೆಂಪಾಗಿ, ಕಣ್ಣು ಹಾಯುವ ವರೆಗೆ ನೆಲವೇ ಕೆರೆಯಾದಂತೆ ತೋರುವದು. ನಮ್ಮ ತಂದೆಯವರ ಕಾಲಕ್ಕೆ ಇದೆಲ್ಲ ಬಿಳಿಜೋಳ ಹತ್ತಿಗಳ ಎರೆಹೊಲವಾಗಿತ್ತು. ಹೈದರಾಬಾದ, ಮದ್ರಾಸ ಸರಕಾರಗಳು ಕೂಡಿ 1945ರಲ್ಲಿ ಹೊಸಪೇಟೆಯ ಹತ್ತಿರ ತುಂಗಭದ್ರೆಗೆ ಒಡ್ಡು ಹಾಕಲು ತೊಡಗಿದವು. 1953ರಲ್ಲಿ ನೀರು ಬಂದಿತು. ಎಡದಂಡೆಯ ಕಾಲುವೆಯು ಸಿಂಧನೂರನ್ನು ಮುಟ್ಟಿದ ಮೇಲೆ ಊರಿನ ಮೋರೆಯೇ ಬದಲಾಯಿತು.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ನಮ್ಮಲ್ಲಿಗೆ ಸಮುದ್ರವು ಬಾರದಿದ್ದರೂ ಸಮುದ್ರದ ದಂಡೆಯ ಜನರು ಬಂದಿದ್ದಾರೆ. ಕಾಲುವೆಯ ನೀರನ್ನು ಹಿಡಿದು ಬತ್ತ ಬೆಳೆಯುವ ವಿದ್ಯೆ ಆಗ ನಮ್ಮವರಿಗೆ ತಿಳಿದಿರಲಿಲ್ಲ. ಆಂಧ್ರದ ಕರಾವಳಿಯ ಮುಖಜ ಭೂಮಿಯಿಂದ ರೈತರು ಕುಟುಂಬಸಹಿತ ಬಂದು, ಹೊಲ ಕೊಂಡು, ಗುಡಿಸಲು ಹಾಕಿಕೊಂಡು ನಿಂತರು. ಅವರ ವಸತಿಗಳಿಗೆ ಇಂದಿಗೂ ‘ಕ್ಯಾಂಪು’ ಎಂದೇ ಹೆಸರು. ಬಳಿಕ ಪೂರ್ವ ಬಂಗಾಲವನ್ನು ಬಿಟ್ಟು ಬಂದ ನಿರಾಶ್ರಿತರಿಗೂ ಸರಕಾರವು ಸಿಂಧನೂರಿನ ಸುತ್ತ ನೆಲೆಯನ್ನು ಕೊಟ್ಟಿತು. ಆ ಕ್ಯಾಂಪುಗಳಲ್ಲಿ ಇಂದಿಗೂ ದುರ್ಗಾಪೂಜೆ ನಡೆಯುತ್ತದೆ, ಕೊಳಗಳಲ್ಲಿ ಮೀನು ಸಾಕುತ್ತಾರೆ. ದಾರಿಯಲ್ಲಿ ಚಹಕ್ಕೆ ನಿಂತಾಗ ಅಲ್ಲಿಯ ಒಬ್ಬ ಮುದುಕರೊಡನೆ ಮಾತಿಗೆ ಬಿದ್ದೆವು. ಅವರು ನಮ್ಮ ಸೀಮೆಯ ಕನ್ನಡವನ್ನೇ ಆಡಿದರು. “ನಮ್ಮೂರ ಹೊಳಿ ಎಷ್ಟು ದೊಡ್ಡದಿತ್ರೀ?” ಎಂದು ನಮ್ಮ ಮಗನು ಕೇಳಿದ್ದಕ್ಕೆ (ಅವರ ಊರಿನ ಹೊಳೆಯನ್ನೂ ಹುಡುಗನು ನಮ್ಮದೇ ಮಾಡಿಕೊಂಡಿದ್ದನು) ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂಜಾನೆ ದೋಣಿ ಬಿಟ್ಟರ ಸಂಜಿಗೆ ಆ ದಂಡಿ” ಎಂದರು.

ಧಡೇಸುಗೂರಿನಲ್ಲಿ ಮಕ್ಕಳು ದಂಡೆಯ ಮಳಲಿನಲ್ಲಿ ಆಡಿದರು. ವಾಚಕರಿಗೆ ಒಂದು ಸೂಚನೆ: ಹೊಳೆಯ ಉಸುಕನ್ನು ತೋಡಿ ಒಯ್ದಲ್ಲಿ ಆಳವಾದ ಗುಂಡಿಗಳಾಗಿರುತ್ತವೆ, ಮೇಲಿಂದ ಮೊಣಕಾಲುದ್ದ ಕಾಣುವ ನೀರು ಎರಡಾಳು ಇರಬಹುದು. ಮಕ್ಕಳ ಕೈ ಬಿಡಬಾರದು. ಸ್ಥಳಿಕರು ಇಳಿಯುವ ಕಡೆಯಲ್ಲದೆ ಬೇರೆ ಕಡೆ ಇಳಿಯಲೂ ಬಾರದು.

ಮರುದಿನ ಮುಂಜಾನೆ ಮಸ್ಕಿಗೆ ಹೊರಟೆವು. ಮುಕ್ಕಾಲು ತಾಸಿನ ಹಾದಿ. ಸಿಂಧನೂರಿನ ಸಪಾಟು ನೆಲವು ಮುಗಿಯುತ್ತ ಬಂದಂತೆ ಬಂಡೆಗಲ್ಲಿನ ಗುಡ್ಡಗಳು ಒಂದೊಂದಾಗಿ ಏಳುತ್ತವೆ. ಊರಿಗೆ ಬಂದವರೆಲ್ಲರೂ ಗುಡ್ಡದ ಮೇಲಿನ ಮಲ್ಲಿಕಾರ್ಜುನನ ದರ್ಶನಕ್ಕೆ ಹೋಗುತ್ತಾರೆ. ಆದರೆ ಹತ್ತಿರದಲ್ಲಿಯೇ ಇರುವ ಅಶೋಕನ ಶಾಸನದ ಬಂಡೆಯ ಕಡೆಗೆ ತಿರುಗಿ ನೋಡುವವರು ಕಡಿಮೆ. ನಾವೂ ಈ ಊರಿನ ಮೇಲೆ ನೂರಾರು ಸಲ ಹಾದು ಹೋದವರೇ; ಒಂದು ಸಲವೂ ಇಳಿದಿರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಆ ಬಂಡೆಯ ಮಹತ್ವವೇನೆಂಬುದನ್ನು ತುಸು ವಿವರಿಸುವೆವು. ಜೇಮ್ಸ ಪ್ರಿನ್ಸೆಪನು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿ ತೋರಿಸಿದಾಗ, ದೇಶದ ನಾನಾ ಕಡೆಯ ಬಂಡೆ ಕಂಬಗಳ ಮೇಲೆ ಮಾತಾಡುತ್ತಿದ್ದ ಅರಸನ ಹೆಸರು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದು ಮಾತ್ರ ತಿಳಿಯಿತು. ಇವನಾರು? ಸಿಂಹಲದ ಬೌದ್ಧ ಗ್ರಂಥಗಳ ಆಧಾರದಿಂದ ಇವನೇ ಮೌರ್ಯ ಅಶೋಕನೆಂದು ಪಂಡಿತರು ನಿರ್ಣಯಿಸಿದರು. ಆದರೆ ಅರಸನ ಸ್ವಂತ ಬಾಯಿಯ ಸಾಕ್ಷಿ ಸಿಕ್ಕಿರಲಿಲ್ಲ. ಹೀಗೆ ಮುಕ್ಕಾಲು ಶತಮಾನ ಕಳೆಯಿತು. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನು ನಿಜಾಮನ ಸೀಮೆಯಲ್ಲಿ ಬಂಗಾರದ ಅದಿರನ್ನು ಹುಡುಕುತ್ತ ಮಸ್ಕಿಗೆ ಬಂದು ಈ ಬರಹವನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದರಲ್ಲಿ ದೇವಾನಾಂಪ್ರಿಯನೆಂಬ ಬಿರುದಿನ ಬೆನ್ನಿಗೇ ‘ಅಶೋಕ’ ಎಂಬ ಹೆಸರು ಸ್ಪಷ್ಟವಾಗಿ ಇದ್ದಿತು! ಬಂಗಾರವನ್ನು ಹುಡುಕಲು ಹೋದವನಿಗೆ ಅರಸನು ಸಿಕ್ಕನು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಈ ಹೆಸರುಳ್ಳ ಶಾಸನಗಳು ದೊರೆತವು. ಆದರೂ ಮೊದಲನೆಯ ಮಾನವು ಮಸ್ಕಿಯದೇ.

ಬರಹದ ಭಾಷೆ ಪ್ರಾಕೃತ. ಬಂಡೆಯ ಮೈ ಅಲ್ಲಲ್ಲಿ ಸವೆದು ಹೋಗಿದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತೆಂದೂ, ಈಗ ಹೆಚ್ಚು ನಿಷ್ಠೆಯಿಂದ ನಡೆಯುತ್ತಿರುವೆನೆಂದೂ, ಈ ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಪ್ರಯತ್ನದಿಂದ ಪಡೆಯಬಹುದೆಂದೂ ಅರಸನು ಹೇಳುತ್ತಾನೆ. ನಾವು ಇದನ್ನೆಲ್ಲ ಮಕ್ಕಳಿಗೆ ತಿಳಿಸುತ್ತಿದ್ದಾಗ ಕಿರಿಯವಳು, “ಇಲ್ಲಿ ಯಾರೂ ಬರೋದಿಲ್ಲಲ್ಲಾ, ಮತ್ಯಾಕ ಇಲ್ಲಿ ಬರಸಿದಾ?” ಎಂದು ಕೇಳಿದಳು. ನಾವು ಉತ್ತರಕ್ಕೆ ತಡವರಿಸಿದೆವು. ಆಗ ಇಲ್ಲಿ ಊರಿದ್ದಿತು, ದಾರಿಯಿದ್ದಿತು, ಬಂಗಾರವೂ ಇದ್ದಿತು. ನಿಜಾಮನ ಪ್ರಾಚ್ಯ ಇಲಾಖೆಯವರೂ, 1954ರಲ್ಲಿ ಬಿ. ಕೆ. ಥಾಪರ ಅವರೂ ಇಲ್ಲಿ ನೆಲವನ್ನು ಅಗೆದು ನೋಡಿದರು. ಅಶೋಕನಿಗೂ ಬಹು ಹಿಂದಿನ ಜನರ ಕಲ್ಲಿನ ಅಲಗುಗಳು, ಮಡಕೆಗಳು, ಮಣಿಗಳು ಹೊರಬಂದವು. 2025ರಲ್ಲಿ ಭಾರತ, ಅಮೆರಿಕ, ಕೆನಡಾಗಳ ಸಂಶೋಧಕರು ಕೂಡಿ ಮತ್ತೆ ಅಗೆದು, ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಜನವಸತಿಯಿದ್ದ ಕುರುಹುಗಳನ್ನು ಕಂಡರು.

ಥಾಪರ ಅವರಿಗೆ ದೊರೆತ ಮಣಿಗಳಲ್ಲಿ ಚಿಪ್ಪಿನವೂ ಹವಳದವೂ ಇದ್ದವೆಂದು ನಾವು ಹೇಳಿದ ಕೂಡಲೆ ಮಕ್ಕಳ ಕಣ್ಣು ಅರಳಿದವು. ಹವಳವು ತುಂಗಭದ್ರೆಯಲ್ಲಿ ಬೆಳೆಯುವದಿಲ್ಲ. ಅಂದರೆ ಯಾವನೋ ಒಬ್ಬನು ಸಾವಿರಾರು ವರ್ಷಗಳ ಹಿಂದೆ ಸಮುದ್ರದ ದಂಡೆಯಿಂದ ಗಂಟು ಹೊತ್ತುಕೊಂಡು ಈ ಗುಡ್ಡದ ಬುಡಕ್ಕೆ ಬಂದಿದ್ದನು. ಅಥವಾ ಆ ಗಂಟು ಹತ್ತು ಕೈ ಬದಲಾಗಿ ಬಂದಿತ್ತು. ನೆರೆಮನೆಯವರ ಡಬ್ಬಿಯ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೆ ಅರ್ಧ ಆರಿತು.

ನಮ್ಮ ತಾಯಿಯವರು ಮಾತ್ರ ಬಂಡೆಯ ನೆರಳಿನಲ್ಲಿ ಕೂತು, “ನಮ್ಮಪ್ಪ ಬಂಡಿ ಮ್ಯಾಲಿನ ಬರಹ ಅಂದರ ಹೊನ್ನ ಹುಗದದ್ದರ ಗುರುತು ಅಂತಿದ್ದ. ಎಲ್ಲಾ ಸುಳ್ಳಾತು” ಎಂದು ನಕ್ಕರು. ಮಧ್ಯಯುಗದಲ್ಲಿಯೂ ಈ ಊರು ಚಿಕ್ಕದಾಗಿರಲಿಲ್ಲ. ರಾಜೇಂದ್ರ ಚೋಳನು ಸುಮಾರು 1021ರಲ್ಲಿ ಕಲ್ಯಾಣದ ಚಾಲುಕ್ಯ ಜಯಸಿಂಹನೊಡನೆ ಕಾದಿದೆನೆಂದು ಹೇಳಿಕೊಳ್ಳುವ ‘ಮುಸಂಗಿ’ಯು ಮಸ್ಕಿಯೇ ಎಂಬುದು ಅನೇಕ ವಿದ್ವಾಂಸರ ಮತ. ಮಸ್ಕಿಯು ತಾಲೂಕಿನ ಊರಾದದ್ದು ಮಾತ್ರ ಇತ್ತೀಚೆಗೆ.

ಲಿಂಗಸುಗೂರಿನಲ್ಲಿ ರಾತ್ರಿ ತಂಗಿದೆವು. ಊರಿನಲ್ಲಿ ನೋಡುವದು ಹೆಚ್ಚೇನೂ ಇಲ್ಲ. ದೋಆಬವು 1853ರಿಂದ 1860ರ ವರೆಗೆ ಇಂಗ್ಲಿಷರ ಕೈಯಲ್ಲಿದ್ದುದರ, ಇಲ್ಲಿ ಹೈದರಾಬಾದ ಕಂಟಿಂಜೆಂಟಿನ ದಂಡು ಇಳಿದುದರ ನೆನಪು ‘ಛಾವಣಿ’ ಎಂಬ ಹೆಸರಿನಲ್ಲಿ ಉಳಿದಿದೆ. 1905ರ ವರೆಗೆ ಲಿಂಗಸುಗೂರು ಒಂದು ಜಿಲ್ಲೆಯ ಮುಖ್ಯ ಸ್ಥಳವಾಗಿತ್ತು. ಆದರೆ ಸುತ್ತಲಿನ ಎಲ್ಲ ಕಡೆಗೂ ಹೋಗಿಬರಲು ಇದೇ ಅನುಕೂಲವಾದ ಠಾಣ್ಯವು. ವಸತಿ, ಊಟ, ಔಷಧ ಎಲ್ಲಕ್ಕೂ ಏರ್ಪಾಡಿದೆ. ಹಟ್ಟಿಯ ಬಂಗಾರದ ಗಣಿಯು ಇಲ್ಲಿಂದ ಅರ್ಧ ತಾಸಿನ ಹಾದಿ. ಅಪ್ಪಣೆಯಿಲ್ಲದೆ ಒಳಗೆ ಬಿಡುವದಿಲ್ಲವಾದ್ದರಿಂದ ನಾವು ಹೋಗಲಿಲ್ಲ. ಎರಡು ಸಾವಿರ ವರ್ಷಗಳ ಹಿಂದಿನ ಜನರು ಅಲ್ಲಿ ಸುಮಾರು 600 ಅಡಿಗಳ ಆಳದ ವರೆಗೆ ಬೆಂಕಿ ಹಾಕಿ ಬಂಡೆಯನ್ನು ಸೀಳಿ ಇಳಿದಿದ್ದರೆಂಬುದನ್ನು ಮಾತ್ರ ಮಕ್ಕಳಿಗೆ ಹೇಳಿದೆವು.

ಎರಡನೆಯ ದಿನ ಮುದಗಲ್ಲಿನ ಕೋಟೆ. ಕಂದಕದಲ್ಲಿ ನೀರು, ಎರಡು ಸುತ್ತಿನ ಗೋಡೆ, ಒಳಗೆ ಇನ್ನೂ ವಾಸವಿರುವ ಮನೆಗಳು. ಮಕ್ಕಳಿಗೆ ಓಡಾಡಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಈ ಕೋಟೆಗಾಗಿ ಬಹಮನಿಯವರೂ ವಿಜಯನಗರದವರೂ ಎಷ್ಟು ಸಲ ಬಡಿದಾಡಿದರೆಂದು ಎಣಿಸಹೋದರೆ ಬೆರಳು ಸಾಲವು. 1406ರ ಯುದ್ಧಕ್ಕೆ ಮುದಗಲ್ಲಿನ ಒಬ್ಬ ಅಕ್ಕಸಾಲಿಗನ ಚೆಲುವೆಯಾದ ಮಗಳೇ ಕಾರಣಳೆಂದು ಫರಿಶ್ತಾ ಎಂಬ ಇತಿಹಾಸಕಾರನು ಬರೆದಿದ್ದಾನೆ. ಮೊದಲನೆಯ ದೇವರಾಯನು ಅವಳಿಗೆ ಒಡವೆಗಳನ್ನು ಕಳುಹಿಸಲು ಅವಳು ಒಲ್ಲೆನೆಂದಳಂತೆ. ಅವನು ದಂಡನ್ನೇ ಕಳುಹಿದನಂತೆ. ಕೊನೆಗೆ ಅವಳು ಫಿರೋಜಶಹನ ಮಗನ ಹೆಂಡತಿಯಾದಳಂತೆ. ನಮ್ಮ ಮನೆಯಾಕೆ ಈ ಕಥೆಯನ್ನು ಕೇಳಿ, “ಅಂತೂ ಆಕೀ ಬಾಯಿಂದ ಬಂದ ಮಾತು ಒಂದs, ಒಲ್ಲೆ ಅನ್ನೂದು. ಅದನ್ನ ಬಿಟ್ಟು ಉಳದದ್ದೆಲ್ಲಾ ನಡೀತು” ಎಂದಳು. ಮುದಗಲ್ಲಿನ ಮೊಹರಮ್ ದೂರದೂರದ ವರೆಗೆ ಪ್ರಸಿದ್ಧವಾದದ್ದು; ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನರು ಹರಕೆ ಹೊತ್ತು ಬರುತ್ತಾರೆ. ಆ ದಿನಗಳಲ್ಲಿ ಊರಿನಲ್ಲಿ ಕಾಲಿಡಲು ಎಡೆಯಿರುವದಿಲ್ಲ. ಕೋಟೆಯನ್ನು ನೋಡಬೇಕೆನ್ನುವವರು ಬೇರೆ ದಿನ ಹೋಗುವದು ಲೇಸು.

ಮಧ್ಯಾಹ್ನದ ಮೇಲೆ ಸುರಪುರದ ದಾರಿ ಹಿಡಿದು ತಿಂಥಣಿಯ ಸೇತುವೆಗೆ ಬಂದೆವು. ದಂಡೆಯ ಮೇಲೆ ಮೌನೇಶ್ವರನ ಗುಡಿ. ಇವನನ್ನೂ ಎರಡೂ ಮತದವರು ನಂಬುತ್ತಾರೆ. ಇಲ್ಲಿ ಮಕ್ಕಳು ಮೊದಲನೆಯ ಸಲ ಕೃಷ್ಣೆಯನ್ನು ಕಂಡರು. ತುಂಗಭದ್ರೆಯು ಅವರಿಗೆ ಪರಿಚಿತಳು. ಇವಳು ಹಾಗಲ್ಲ. ಮಹಾಬಳೇಶ್ವರದ ಮಳೆಯನ್ನೆಲ್ಲ ಹೊತ್ತು, ಕೆಮ್ಮಣ್ಣಿನ ಬಣ್ಣ ತಳೆದು, ಸದ್ದೇ ಇಲ್ಲದೆ ಹೋಗುತ್ತಿದ್ದಳು. ಸೇತುವೆಯ ಕಟಕಟೆಯನ್ನು ಹಿಡಿದು ನಿಂತ ಮಗನು ಬಹಳ ಹೊತ್ತಿನ ಮೇಲೆ, “ಇದs ಸಮುದ್ರಕ್ಕ ಹೋಗತದ?” ಎಂದನು. ಹೌದೆಂದೆವು, ಆಂಧ್ರದ ಹಂಸಲದೀವಿಯ ಹತ್ತಿರ ಬಂಗಾಲ ಉಪಸಾಗರವನ್ನು ಸೇರುತ್ತಾಳೆಂದು ಹೇಳಿದೆವು. ಅಲ್ಲಿಯೇ ನಿಂತಿದ್ದ ಒಬ್ಬ ಪೋಲೀಸರು, ಮೇಲಿನ ನಾರಾಯಣಪುರದ ಒಡ್ಡಿನಿಂದ ಇನ್ನೂ ನೀರು ಬಿಡುವ ಸುದ್ದಿಯಿದೆಯೆಂದು ಎಚ್ಚರಿಸಿದರು.

ನಾರಾಯಣಪುರದ ಬಸವಸಾಗರವು 1982ರಲ್ಲಿ ಮುಗಿದ ಒಡ್ಡು. ಮಳೆಗಾಲದಲ್ಲಿ ಅದು ತುಂಬಿದ ಮೇಲೆ ಬಂದಷ್ಟು ನೀರನ್ನೂ ಹೊಳೆಗೆ ಬಿಡಲೇಬೇಕಾಗುವದು. ಪತ್ರಿಕೆಗಳಲ್ಲಿ ಓದುವ ‘ಕ್ಯೂಸೆಕ್ಸು’ ಎಂಬ ಲೆಕ್ಕ ಗೃಹಿಣಿಯರಿಗೆ ಹೀಗೆ ತಿಳಿಯಬಹುದು: ಒಂದು ಕ್ಯೂಸೆಕ್ಸೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ, ಅಂದರೆ ಒಂದು ಸೆಕೆಂಡಿಗೆ, ಎರಡು ಕೊಡದಷ್ಟು, ಸುಮಾರು 28 ಲೀಟರು ನೀರು. ಒಂದು ಲಕ್ಷ ಕ್ಯೂಸೆಕ್ಸು ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರು. ಲೆಕ್ಕವು ಲಕ್ಷವನ್ನು ದಾಟಿ ಏರತೊಡಗಿದರೆ ಲಿಂಗಸುಗೂರ ತಾಲೂಕಿನ ಹೊಳೆಸಾಲಿನವರೆಲ್ಲರ ಕಣ್ಣು ಶೀಲಹಳ್ಳಿಯ ಸೇತುವೆಯ ಮೇಲೆ. ಅದು ತಗ್ಗಾದ ಸೇತುವೆ. ಮುಳುಗಿತೆಂದರೆ ಹಂಚಿನಾಳ, ಯರಗೋಡಿ, ಕಡದರಗಡ್ಡಿ ಮೊದಲಾದ ನಡುಗಡ್ಡೆಯ ಕಡೆಯ ಹಳ್ಳಿಗಳಿಗೆ ನೇರ ದಾರಿ ಕಡಿದಂತೆ. ಆ ಕಡೆಯ ಒಂದು ಹಳ್ಳಿಯೇ ನಮ್ಮ ತಾಯಿಯವರ ತವರು. ಹದಿನಾಲ್ಕು ವರ್ಷಗಳಿಂದ ಅವರು ಅಲ್ಲಿಗೆ ಹೋಗಿರಲಿಲ್ಲ. ಈ ಪ್ರವಾಸದ ಮಾತೆತ್ತಿದಾಗ ಅವರ ಮನಸ್ಸಿನಲ್ಲಿದ್ದ ಹೊಳೆ ಯಾವುದೆಂಬುದು ನಮಗೆ ಹೊತ್ತಾಗಿ ತಿಳಿಯಿತು.

ಮೂರನೆಯ ದಿನ ನಸುಕಿನಲ್ಲಿಯೇ ಜಲದುರ್ಗಕ್ಕೆ ಹೋದೆವು. ಕೃಷ್ಣೆಯು ಇಲ್ಲಿ ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಿಟ್ಟಿದ್ದಾಳೆ. ಅದರ ಬಂಡೆಗಳ ನೆತ್ತಿಯ ಮೇಲೆ ಕೋಟೆ. ದೇವಗಿರಿಯ ಯಾದವರ ಕಾಲದ್ದೆಂದು ಹೇಳುತ್ತಾರೆ. ಬಳಿಕ ವಿಜಾಪುರದ ಆದಿಲಶಾಹಿಯವರು ಇದನ್ನು ಬಲಪಡಿಸಿದರು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಚಾಂದಬೀಬಿಯನ್ನು ಕುರಿತ ತನ್ನ ಕಾದಂಬರಿಯಲ್ಲಿ ಈ ದುರ್ಗವನ್ನು ತಂದಿದ್ದಾನೆ. ಕೋಟೆಯ ಅಂಚಿಗೆ ಬಂದು ಕೆಳಗೆ ನೋಡಿದರೆ ತಲೆ ತಿರುಗುವದು. ಅಲ್ಲಿ ಕೃಷ್ಣೆಯು ತಿಂಥಣಿಯಲ್ಲಿ ಕಂಡಂತೆ ಮೌನಿಯಲ್ಲ. ಬಂಡೆಯಿಂದ ಬಂಡೆಗೆ ಹಾರಿ, ನೊರೆಯೆಬ್ಬಿಸಿ, ಹೊಗೆಯಂತೆ ತುಂತುರನ್ನು ಮೇಲಕ್ಕೆ ಕಳಿಸುತ್ತಾಳೆ. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಅಪರಾಧಿಗಳನ್ನು ಇಲ್ಲಿಂದ ಹೊಳೆಗೆ ನೂಕುತ್ತಿದ್ದರೆಂದು ಸ್ಥಳಿಕರು ಒಂದು ಬುರುಜನ್ನು ತೋರಿಸುತ್ತಾರೆ. ಸಮುದ್ರದ ತೆರೆಯ ಸೊಬಗೇ ಬೇರೆಯಾಗಿರಬಹುದು. ಆದರೆ ಈ ಆರ್ಭಟದ ಮುಂದೆ ನಾವೆಲ್ಲರೂ ಬಾಯಿ ಮುಚ್ಚಿ ನಿಂತೆವು. ಕಟ್ಟೆಯಿಲ್ಲದ ಅಂಚುಗಳು ಅನೇಕವಿವೆ, ಕಲ್ಲುಗಳು ಪಾಚಿಗಟ್ಟಿರುತ್ತವೆ. ಮಕ್ಕಳಿದ್ದವರು ಕಾರ್ತಿಕದಿಂದ ಮಾಘದ ವರೆಗೆ ಹೋಗಬೇಕು. ಆರ್ಭಟವನ್ನೇ ನೋಡಬೇಕೆನ್ನುವವರು ಶ್ರಾವಣದಲ್ಲಿ, ಅಂದಿನ ನೀರಿನ ಸುದ್ದಿಯನ್ನು ಕೇಳಿಕೊಂಡೇ ಹೋಗಬೇಕು.

ಹನ್ನೊಂದು ಗಂಟೆಗೆ ತವರಿನ ಹಳ್ಳಿಯನ್ನು ಸೇರಿದೆವು. ಸೋದರಮಾವನು ತೀರಿಕೊಂಡು ಬಹಳ ವರ್ಷಗಳಾದವು. ಅತ್ತೆಗೆ ಎಂಬತ್ತು ದಾಟಿದೆ, ಹಾಸಿಗೆಯಿಂದ ಏಳಲಾರರು. ನಮ್ಮ ತಾಯಿಯವರನ್ನು ಕಂಡು ಗುರುತು ಹಿಡಿಯಲು ತುಸು ಹೊತ್ತು ಬೇಕಾಯಿತು. ಹಿಡಿದ ಮೇಲೆ ಬಿಡಲಿಲ್ಲ. ಅವರ ಮೊಮ್ಮಗಳು ಚೊಚ್ಚಲ ಹೆರಿಗೆಗೆಂದು ಬಂದಿದ್ದಳು. ತುಂಬಿದ ಬಸುರಿ. ವೈದ್ಯರು ಇನ್ನೂ ಹತ್ತು ದಿನಗಳಿವೆ ಎಂದಿದ್ದರಂತೆ. ಆದ್ದರಿಂದ ಮುಂದಿನ ವಾರ ಲಿಂಗಸುಗೂರಿನ ಆಸ್ಪತ್ರೆಗೆ ಒಯ್ಯುವದೆಂದು ಮನೆಯವರ ಯೋಚನೆ.

ಊಟ ಮುಗಿಯುವ ಹೊತ್ತಿಗೆ ಡಂಗುರದ ಸಪ್ಪಳ ಕೇಳಿಸಿತು. ಒಡ್ಡಿನಿಂದ ಹೆಚ್ಚಿನ ನೀರು ಬಿಡುತ್ತಾರೆ; ಯಾರೂ ಹೊಳೆಗೆ ಇಳಿಯಬಾರದು, ದನಕರು ಮೇಲಕ್ಕೆ ತರಬೇಕು. ಊರವರಿಗೆ ಇದು ಹೊಸತಲ್ಲ. ನಮ್ಮ ಭಾವನವರು ಕೂಡ, “ಸಂಜೀತನಕ ಸೇತುವಿ ಇರತದ, ನೀವು ಈಗ ಹೊಂಡ್ರಿ” ಎಂದು ಸಾವಕಾಶವಾಗಿಯೇ ಹೇಳಿದರು. ಆದರೆ ನಮ್ಮ ತಾಯಿಯವರು ಎದ್ದು ನಿಂತಿದ್ದರು.

“ಹುಡಿಗೀನ ಈಗs ಕರಕೊಂಡು ಹೋಗ್ರಿ.”

ಇನ್ನೂ ದಿನಗಳಿವೆ, ಬಿರುಮಳೆಯಲ್ಲಿ ಏಕೆ, ಬೇಕಾದರೆ ಸುತ್ತಿನ ದಾರಿಯಿದೆ ಎಂದು ಎಲ್ಲರೂ ಒಂದೊಂದು ಮಾತು ಹೇಳಿದರು. ತಾಯಿಯವರು ಕೇಳಲಿಲ್ಲ. ಆಗ ಅವರು ಹೇಳಿದ ಸಂಗತಿಯನ್ನು ನಾವು ನಮ್ಮ ಆಯುಷ್ಯದಲ್ಲಿಯೇ ಮೊದಲ ಸಲ ಕೇಳಿದೆವು. ಅವರೂ ತಮ್ಮ ಚೊಚ್ಚಲಕ್ಕೆ ಇದೇ ಮನೆಗೆ, ಇಂಥದೇ ಶ್ರಾವಣದಲ್ಲಿ ಬಂದಿದ್ದರು. ಆಗ ಒಡ್ಡೂ ಇರಲಿಲ್ಲ, ಸೇತುವೆಯೂ ಇರಲಿಲ್ಲ, ಹರಿಗೋಲೊಂದೇ ಗತಿ. ನೋವು ತಡೆದುಕೊಂಡಿತು. ಸೂಲಗಿತ್ತಿಯು ಕೈಚೆಲ್ಲಿದಳು. ನೆರೆಯಲ್ಲಿ, ರಾತ್ರಿಯಲ್ಲಿ, ಅಂಬಿಗನು ಹರಿಗೋಲು ಹಾಕಲಾರೆನೆಂದನು. ಅವನ ತಪ್ಪೂ ಇರಲಿಲ್ಲ. ಬೆಳಗಾಗುವ ತನಕ ದಾರಿ ನೋಡಿದರು. ತಾಯಿ ಉಳಿದರು. ನಮಗಿಂತ ಮೊದಲು ನಮಗೊಬ್ಬ ಅಕ್ಕನು ಹುಟ್ಟಿ, ಹೊಳೆಯ ದಂಡೆಯಲ್ಲಿಯೇ ಮಣ್ಣಾಗಿದ್ದಾಳೆ.

ಯಾರೂ ಮಾತಾಡಲಿಲ್ಲ. ಭಾವನವರು ತಾವೇ ಹೋಗಿ ಮಗಳ ಬಟ್ಟೆಯ ಗಂಟನ್ನು ತಂದರು.

ಜೀಪಿನಲ್ಲಿ ಸ್ಥಳ ಸಾಲದು. ಹುಡುಗಿಯು ಕಾಲು ಚಾಚಿ ಕೂಡ್ರಬೇಕು. ಅವಳ ತಾಯಿ ಜತೆಗಿರಬೇಕು. ಅವರಿಬ್ಬರೂ ಹೋದರೆ ಹಾಸಿಗೆ ಹಿಡಿದ ಮುದುಕಿಯನ್ನು ನೋಡುವವರಾರು? ಭಾವನವರಿಗೆ ದನಗಳನ್ನು ಸಾಗಿಸುವ ಕೆಲಸ. ನಾವು ಲೆಕ್ಕ ಹಾಕುತ್ತಿರುವಾಗಲೇ ತಾಯಿಯವರು ಸೆರಗು ಕಟ್ಟಿ ಒಲೆಯ ಮುಂದೆ ಕೂತು ಬಿಟ್ಟಿದ್ದರು. “ನೀ ಹೋಗಪಾ. ಹುಟ್ಟಿದ ಮನಿಯೊಳಗ ನನಗೇನ ಆಗತದ? ಅತ್ತಿಗಿ ನಾನು ಮಾತಾಡೂದು ಹದಿನಾಲ್ಕ ವರ್ಷದ್ದು ಬಾಕಿ ಅದ.”

ಸೇತುವೆಯ ಹತ್ತಿರ ಬಂದಾಗ ನೀರು ಹಲಗೆಯ ಕೆಳಗೆ ಒಂದೂವರೆ ಮೊಳವಿದ್ದಿರಬಹುದು. ಕಾವಲಿನವರು ಹೊರಗಿನ ಮೋಟಾರುಗಳನ್ನು ತಿರುಗಿಸಿ ಕಳಿಸುತ್ತಿದ್ದರು. ಹುಡುಗಿಯನ್ನು ನೋಡಿ ನಮ್ಮನ್ನು ಬೇಗ ದಾಟಿಸಿದರು. ಆ ಎರಡು ನಿಮಿಷ ನಮ್ಮ ಮಕ್ಕಳು, ಎಂದೂ ಸುಮ್ಮನಿರದವರು, ಉಸಿರೆತ್ತಲಿಲ್ಲ. ಮರುದಿನ ನಸುಕಿಗೆ ಸೇತುವೆಯು ಮುಳುಗಿತು.

ಮೂರನೆಯ ದಿನವೇ, ವೈದ್ಯರ ಲೆಕ್ಕಕ್ಕೆ ಒಂದು ವಾರ ಮೊದಲು, ಹುಡುಗಿಗೆ ನೋವು ಕಾಣಿಸಿಕೊಂಡಿತು. ಕೂಸು ಅಡ್ಡಲಾಗಿತ್ತು, ಶಸ್ತ್ರಕ್ರಿಯೆ ಮಾಡಬೇಕಾಯಿತು. ತಾಯಿ ಮಗಳು ಇಬ್ಬರೂ ಕ್ಷೇಮ. ಹೆಣ್ಣುಕೂಸು. ಹಳ್ಳಿಗೆ ಫೋನು ಹತ್ತಲು ಅರ್ಧ ದಿನ ಹಿಡಿಯಿತು. ಸುದ್ದಿಯನ್ನು ಕೇಳಿ ನಮ್ಮ ತಾಯಿಯವರು ಕೇಳಿದ್ದು ಒಂದೇ ಮಾತು: “ಅತ್ತಿತೇನು?” ಅತ್ತಿತು, ಜೋರಾಗಿಯೇ ಅತ್ತಿತು ಎಂದೆವು.

ಒಂಬತ್ತು ದಿನಗಳ ಮೇಲೆ ನೀರು ಇಳಿಯಿತು. ನಾವು ಅವರನ್ನು ಕರೆತರಲು ಹೋದಾಗ ಸೇತುವೆಯ ಕಟಕಟೆಗೆ ಒಣಗಿದ ಹುಲ್ಲು, ಹರಿದ ಬಲೆಯ ಚೂರು, ಒಂದು ಮಗುವಿನ ಚಪ್ಪಲಿ ಸಿಕ್ಕಿಕೊಂಡಿದ್ದವು. ಮೇಲೆಲ್ಲ ನಯವಾದ ಮೆಕ್ಕಲು. ಕಿರಿಯವಳು ಇಳಿದು, ಆ ಮೆಕ್ಕಲಿನಲ್ಲಿ ಹೊಳೆಯ ಕಪ್ಪೆಚಿಪ್ಪುಗಳನ್ನು ಆರಿಸಿ ಉಡಿಯ ತುಂಬ ಕಟ್ಟಿಕೊಂಡಳು. ನೆರೆಮನೆಯ ಡಬ್ಬಿಯಲ್ಲಿದ್ದವುಗಳಷ್ಟು ಚೆಲುವಾಗಿರಲಿಲ್ಲ. ಅವಳು ಅದನ್ನು ಒಪ್ಪಲಿಲ್ಲ.

ಹದಿಮೂರನೆಯ ದಿನ ತೊಟ್ಟಿಲು. ಹೆಸರಿನ ಮಾತು ಬಂದಾಗ ಮನೆಯವರೆಲ್ಲರೂ ಒಂದೇ ಬಾಯಿಯಿಂದ ಕೃಷ್ಣವೇಣಿ ಎಂದು ಇಡೋಣವೆಂದರು. ನಮ್ಮ ತಾಯಿಯವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, “ಬ್ಯಾಡ. ಆ ಹೆಸರಿನಾಕಿ ನಮ್ಮನ್ನ ಕಾಡಿದ್ದು ಸಾಕು” ಎಂದರು. ಅಷ್ಟಕ್ಕೆ ಹೆಸರಿನ ಚರ್ಚೆಯು ಮತ್ತೆ ಮೊದಲಿನಿಂದ ಆರಂಭವಾಯಿತು.